ಲೇಸರ್ ಆದ ಬಲಗಣ್ಣು ಮತ್ತು ನಾನು ಮಾಡದ ಫೋನು

ನನ್ನ ಕಣ್ಣಿನ ಕಥೆ ಬರೆಯುತ್ತೇನೆ ಎಂದಾಗ ನಮ್ಮವರು ಓದುತ್ತಿದ್ದ ಪೇಪರನ್ನು ಕೆಳಗಿಳಿಸದೆಯೇ, "ಬರಿ. ಆದ್ರೆ ಅರ್ಧಂಬರ್ಧ ಬರಿಯೋದಾದ್ರೆ ಬೇಡ," ಎಂದರು. ಯಾವ ಅರ್ಧ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಅರ್ಧ ನನ್ನ ಕಾಯಿಲೆ, ಇನ್ನರ್ಧ ನಾನು ಮಾಡಿದ ತಪ್ಪು. ಕಾಯಿಲೆ ಮಾತ್ರ ಓದಬೇಕು ಅನ್ನುವವರಿಗೆ ಇದು ಸ್ವಲ್ಪ ನಿರಾಸೆ ತರಬಹುದು.

ತೊಂಬತ್ಮೂರರ ಬೇಸಿಗೆ. ಪದ್ಮನಾಭನಗರದ ನಮ್ಮ ಮನೆಯ ಹಾಲಿನಲ್ಲೇ ನನ್ನ ಹೊಲಿಗೆ ಮಷೀನಿತ್ತು. ಸೀರೆಗೆ ಫಾಲ್ಸ್, ಬ್ಲೌಸು, ಮಕ್ಕಳ ಲಂಗ, ಯಾವುದು ಬಂದರೂ ಹೊಲಿಯುತ್ತಿದ್ದೆ. ಮದುವೆ ಸೀಸನ್ನು, ಊಟಕ್ಕೂ ಪುರುಸೊತ್ತಿರಲಿಲ್ಲ. ಒಂದೆರಡು ವಾರದಿಂದ ಸಂಜೆ ಹೊತ್ತು ಬಲ್ಬಿನ ಸುತ್ತ ಬಣ್ಣಬಣ್ಣದ ಬಳೆ ಕಾಣುತ್ತಿತ್ತು. ಕಣ್ಣಿಗೆ ಸುಸ್ತು, ಸೀಸನ್ ಮುಗಿದರೆ ಸರಿಹೋಗುತ್ತೆ ಅಂದುಕೊಂಡೆ. ಒಂದು ಮಧ್ಯಾಹ್ನ ತಲೆಯ ಬಲಭಾಗ ಸಿಡಿದುಹೋಗುವಂಥ ನೋವು ಬಂತು, ಜೊತೆಗೆ ವಾಂತಿ. ಪಕ್ಕದ ಮನೆಯವರು ಪಿತ್ತ ಎಂದರು. ಜೀರಿಗೆ ಕಷಾಯ ಕುಡಿದೆ, ಅದೂ ವಾಂತಿಯಾಯಿತು.

ನಮ್ಮ ಮಾವ ಅಂಚೆ ಕಚೇರಿಯಲ್ಲಿ ದುಡಿದು ರಿಟೈರಾದವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದರು. ಬಾಗಿಲ ಬಳಿ ನಿಂತು ನನ್ನ ಮುಖವನ್ನೇ ನೋಡಿದರು. "ಪಿತ್ತ ಅಲ್ಲಮ್ಮ ನಾಗೂ. ಕಣ್ಣು ಕೆಂಡ ಆಗಿದೆ ನೋಡು. ಏಳು, ಆಟೋ ತರ್ತೀನಿ," ಎಂದರು. ನಮ್ಮವರು ಆಫೀಸಿನಿಂದ ಬರಲಿ ಎಂದೆ. "ಅವನು ಬಂದು ಏನ್ ಮಾಡ್ತಾನೆ, ಅವನೇನು ಡಾಕ್ಟ್ರಾ?" ಎಂದವರೇ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಜಯನಗರದ ಕಣ್ಣಾಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ನೋಡಿದರು. "ಗ್ಲಾಕೋಮ. ಪ್ರೆಷರ್ ತುಂಬಾ ಏರಿಬಿಟ್ಟಿದೆ," ಎಂದರು. ನನಗೆ ಬಿಪಿ ಇಲ್ಲ ಡಾಕ್ಟ್ರೇ ಎಂದೆ. ಅಷ್ಟು ನೋವಿನಲ್ಲೂ ಪಕ್ಕದಲ್ಲಿದ್ದ ನರ್ಸು ನಕ್ಕಿದ್ದು ಗೊತ್ತಾಯಿತು. ಕಣ್ಣಿನೊಳಗಿನ ನೀರು ಹೊರಗೆ ಹೋಗುವ ದಾರಿ ಮುಚ್ಚಿಕೊಂಡಿದೆ, ಕಣ್ಣಿನ ಕಪ್ಪು ಪರದೆಯಲ್ಲಿ ಲೇಸರಿನಿಂದ ಒಂದು ಸಣ್ಣ ತೂತು ಮಾಡಿ ಬೇರೆ ದಾರಿ ಕೊಡಬೇಕು ಎಂದು ಅವರು ಬಿಡಿಸಿ ಹೇಳಿದರು. ಎಡಗಣ್ಣಿಗೂ ಹೀಗೇ ಆಗಬಹುದು, ಅದಕ್ಕೂ ಮಾಡಿಬಿಡೋಣ ಎಂದರು.

ಇಂಜೆಕ್ಷನ್ನು, ಮಾತ್ರೆ ಕೊಟ್ಟು ನೋವು ಇಳಿಸಿ, ಎರಡು ದಿನ ಬಿಟ್ಟು ಲೇಸರ್ ಮಾಡಿದರು. ಗಲ್ಲವನ್ನು ಸ್ಟ್ಯಾಂಡಿನ ಮೇಲೆ ಇಟ್ಟು, ಕಣ್ಣಿಗೆ ಒಂದು ಲೆನ್ಸ್ ಒತ್ತಿ ಹಿಡಿದು, ಒಂದೊಂದೇ ಹೊಡೆತ. ಪ್ರತಿ ಹೊಡೆತಕ್ಕೂ ಹಸಿರು ಮಿಂಚು, ಸೂಜಿ ಚುಚ್ಚಿದ ಹಾಗೆ ಸಣ್ಣ ನೋವು. ಎಡಗಣ್ಣು ಬೇಗ ಮುಗಿಯಿತು. ಬಲಗಣ್ಣಿನಲ್ಲಿ ಎಷ್ಟು ಹೊಡೆದರೂ ತೂತು ಬೀಳಲೊಲ್ಲದು. "ಕಣ್ಣು ಊದಿದೆ, ಪರದೆ ದಪ್ಪ ಇದೆ. ಅಲ್ಲಾಡಬೇಡಿ ಮೇಡಂ, ಇನ್ನು ಸ್ವಲ್ಪ," ಎನ್ನುತ್ತಲೇ ಇದ್ದರು. ಸೀರೆ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ. ಹೊರಗೆ ಬಂದಾಗ ಸೆರಗು ಒದ್ದೆಮುದ್ದೆ.

ಮಾವನಿಗೆ ಎಲ್ಲವನ್ನೂ ಪೂರ್ತಿ ತಿಳಿದುಕೊಳ್ಳುವ ಅಭ್ಯಾಸ. "ಸುಟ್ಟ ಜಾಗ ಮುಂದೆ ಏನಾಗುತ್ತೆ ಡಾಕ್ಟ್ರೇ?" ಎಂದು ಕೇಳಿಯೇಬಿಟ್ಟರು. ನನಗೆ ನಾಚಿಕೆಯಾಯಿತು. ಡಾಕ್ಟರಮ್ಮ ಬೇಸರಿಸಲಿಲ್ಲ. "ಒಳ್ಳೇ ಪ್ರಶ್ನೆ. ತೂತು ಮುಚ್ಕೋಬಹುದು, ಪೊರೆ ಬೇಗ ಬರಬಹುದು. ಕೆಲವರಿಗೆ ವರ್ಷಗಳಾದ ಮೇಲೆ ಕಣ್ಣಿನ ಮುಂದಿನ ಗಾಜಿಗೇ ತೊಂದ್ರೆ ಆಗೋದುಂಟು. ಹಾಗಂತ ಈಗ ಮಾಡದಿದ್ರೆ ಕಣ್ಣೇ ಹೋಗುತ್ತೆ. ಅದಕ್ಕೇ ತಪ್ಪದೆ ವರ್ಷಕ್ಕೊಂದು ಸಲ ತೋರಿಸ್ತಾ ಇರಿ," ಎಂದರು. ಮಾವ ಅದನ್ನು ಜೇಬಿನ ಡೈರಿಯಲ್ಲಿ ಬರೆದುಕೊಂಡರು.

ಆ ಲೇಸರ್ ನನ್ನ ಕಣ್ಣು ಉಳಿಸಿತು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ಯಾರೂ ಹೆದರಿ ಲೇಸರ್ ಬೇಡ ಅನ್ನಬಾರದು. ಅದೇ ಲೇಸರ್ ಆದ ಎಡಗಣ್ಣು ಇವತ್ತಿಗೂ ಗಟ್ಟಿಯಾಗಿದೆ. ಬಲಗಣ್ಣಿಗೆ ಮಾತ್ರ ಬಿಸಿಲಿಗೆ ಹೋದರೆ ಕೆಳಗಡೆ ಒಂದು ಬಿಳಿ ಗೆರೆ ಕಾಣುತ್ತಿತ್ತು. ಆ ತೂತಿನಿಂದ ಬರುವ ಬೆಳಕಂತೆ. ಕೆಲವು ತಿಂಗಳಲ್ಲಿ ಅದು ಇದೆಯೆಂಬುದೇ ಮರೆತುಹೋಯಿತು.

ವರ್ಷಕ್ಕೊಮ್ಮೆ ಮಾವನೇ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಬಸ್ಸಿನಲ್ಲಿ ಹೋಗುವುದು, ಆಸ್ಪತ್ರೆಯ ಬೆಂಚಿನಲ್ಲಿ ಎರಡು ಗಂಟೆ ಕಾಯುವುದು, ಬರುವಾಗ ಜಯನಗರದಲ್ಲಿ ಖಾರಾಬಾತು, ಕಾಫಿ. ಕಾಯುವಾಗ ಮಾವ ಪಕ್ಕದವರನ್ನೆಲ್ಲ ಮಾತಾಡಿಸುತ್ತಿದ್ದರು. ಯಾವೂರು, ಎಷ್ಟು ದಿನದಿಂದ, ಜೊತೆಗೆ ಯಾರು ಬಂದಿದ್ದಾರೆ. ಮೂರನೇ ವರ್ಷವೋ ಏನೋ, ಗೋಡೆಯ ಮೇಲಿನ ನೇತ್ರದಾನದ ಪೋಸ್ಟರನ್ನು ಎರಡು ಸಲ ಓದಿ, ಅಲ್ಲೇ ಫಾರಂ ತುಂಬಿಕೊಟ್ಟರು. ಹದಿನೈದು ದಿನಕ್ಕೆ ಮನೆಗೆ ಕಾರ್ಡು ಬಂತು. ಅದನ್ನು ಫೋನಿನ ಮೇಲ್ಗಡೆ ಗೋಡೆಗೆ ಅಂಟಿಸಿದರು. ನಂಬರಿನ ಕೆಳಗೆ ಕೆಂಪಿಂಕಿನ ಗೆರೆ.

"ನಾಗೂ, ಇದನ್ನ ನೀನೇ ಮಾಡ್ಬೇಕು. ಮೊದಲು ಫ್ಯಾನ್ ಆಫ್ ಮಾಡು. ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡು. ಆಮೇಲೆ ಫೋನು. ಆರು ಗಂಟೆ ಒಳಗೆ ಅವರು ಬರ್ಬೇಕು, ಮರೀಬೇಡ."

"ಅಯ್ಯೋ, ಬಿಡ್ತು ಅನ್ನಿ ಮಾವ!"

"ಬಿಡ್ತು ಅಂದ್ರೆ ಯಮ ವಾಪಸ್ ಹೋಗ್ತಾನಾ? ಮಾಡ್ತೀನಿ ಅನ್ನು."

ಮಾಡುತ್ತೇನೆ ಎಂದೆ.

ಆ ವರ್ಷ ಗೌರಿ ಹಬ್ಬಕ್ಕೆ ನನ್ನ ಓರಗಿತ್ತಿ ಪ್ರಮೀಳಕ್ಕ ಮೈಸೂರಿನಿಂದ ಬಂದಿದ್ದರು. ನಮ್ಮವರ ಅಣ್ಣನ ಹೆಂಡತಿ ಅವರು, ಬಾಯಿ ಸ್ವಲ್ಪ ಜೋರು, ಮನಸ್ಸು ಕೆಟ್ಟದ್ದಲ್ಲ. ಕಾರ್ಡು ನೋಡಿ, "ಅಲ್ಲಾ ನಾಗೂ, ಕಣ್ಣಿನ ಪೇಷಂಟು ಮನೇಲೇ ಇರೋವಾಗ ಮಾವ ಹೊರಗಡೆಯೋರಿಗೆ ಯಾಕೆ ಬರ್ಕೊಟ್ರು? ನೀನೇ ಹಿಂದೆ ಬಿದ್ದು ಬರೆಸ್ಕೊಂಡ್ಯೇನೆ?" ಎಂದರು. ಊಟಕ್ಕೆ ಕೂತಿದ್ದವರೆಲ್ಲ ನಕ್ಕರು, ಮಾವನೂ ನಕ್ಕರು. ನಾನೂ ನಕ್ಕು ಎಲ್ಲರಿಗೂ ಒಬ್ಬಟ್ಟು ಬಡಿಸಿದೆ. ಆ ಮಾತು ಮಾತ್ರ ಒಳಗೆ ಚುಚ್ಚಿಕೊಂಡು ಕೂತಿತು. ತಮಾಷೆ ಅಂತ ಗೊತ್ತಿದ್ದೂ ಎಷ್ಟೋ ದಿನ ಅದನ್ನೇ ಮೆಲುಕು ಹಾಕಿದೆ.

ತೊಂಬತ್ತೆಂಟರ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಏಳು ಗಂಟೆಗೆ, ಕಾಫಿ ಲೋಟ ಕೆಳಗಿಟ್ಟ ಮಾವ ಕುರ್ಚಿಯಲ್ಲೇ ಒರಗಿದರು. ಎದುರು ರಸ್ತೆಯ ಡಾಕ್ಟರು ಓಡಿ ಬಂದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ನಮ್ಮವರು ಐದು ನಿಮಿಷ ಅಪ್ಪನ ಕಾಲು ಹಿಡಿದು ಕೂತಿದ್ದು, ಆಮೇಲೆ ಎದ್ದು, ಪುರೋಹಿತರನ್ನು ಕರೆಯಲು, ಉಳಿದದ್ದಕ್ಕೆ ಏರ್ಪಾಡು ಮಾಡಲು ಹೊರಟರು. ಹೋಗುವಾಗ, "ಎಲ್ಲರಿಗೂ ಫೋನ್ ಮಾಡ್ಬಿಡು ನಾಗೂ," ಎಂದರು.

ಫ್ಯಾನ್ ಆಫ್ ಮಾಡಿದೆ. ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟೆ. ಮಾವ ಹೇಳಿದ ಕ್ರಮದಲ್ಲೇ ಮಾಡಿದೆ. ಆಮೇಲೆ ಫೋನಿನ ಪಕ್ಕದ ಸ್ಟೂಲಿನ ಮೇಲೆ ಕೂತೆ. ಮೊದಲು ಮೈಸೂರಿಗೆ ಮಾಡಿದೆ. ಪ್ರಮೀಳಕ್ಕ ಹೋ ಎಂದು ಅತ್ತರು. "ಈಗ್ಲೇ ಹೊರಟ್ವಿ ನಾಗೂ. ನಾವು ಬಂದು ಮುಖ ನೋಡೋವರೆಗೂ ಏನೂ ಮಾಡ್ಬೇಡಿ," ಎಂದರು. ಪಾಪ, ಅವರು ಹೇಳಿದ್ದು ಮಣ್ಣು ಮಾಡುವ ವಿಷಯ. ನನಗೆ ಕೇಳಿಸಿದ್ದೇ ಬೇರೆ. ಅವರು ಒಳಗೆ ಕಾಲಿಡುವಾಗ ಕಣ್ಣಿನವರು ಪೆಟ್ಟಿಗೆ ಹಿಡಿದು ಹೊರಗೆ ಹೋಗುತ್ತಿರುವ ಚಿತ್ರ ಕಣ್ಣ ಮುಂದೆ ಬಂತು. ನೋಡಿ, ಮಾವ ಹೋಗಿ ಅರ್ಧ ದಿನ ಆಗಿಲ್ಲ, ಇವಳಿಗೆ ಕಣ್ಣಿನ ಯೋಚನೆ, ಅನ್ನುತ್ತಾರೆ ಎಂದುಕೊಂಡೆ.

ಇನ್ನೊಬ್ಬರಿಗೆ ಮಾಡಿ ಆಮೇಲೆ ಮಾಡೋಣ ಎಂದು ಹಾಸನಕ್ಕೆ ಮಾಡಿದೆ. ಆಮೇಲೆ ತುಮಕೂರು. ಆಮೇಲೆ ಬನಶಂಕರಿಯ ಚಿಕ್ಕಮಾವ, ಮಾವನ ಹಳೆಯ ಆಫೀಸಿನವರು, ಹಾಲಿನವನ ಮನೆ. ಹೌದು, ನಾಳೆ ಹಾಲು ಎರಡು ಲೀಟರು ಜಾಸ್ತಿ ಬೇಕು ಎಂದು ಹಾಲಿನವನಿಗೂ ಫೋನ್ ಮಾಡಿದೆ. ಒಂದು ಗಂಟೆ ಹೊತ್ತು ರಿಸೀವರು ನನ್ನ ಕೈಯಲ್ಲೇ ಇತ್ತು. ಕೆಂಪು ಗೆರೆಯ ನಂಬರು ನನ್ನ ಮೂಗಿನ ಮುಂದೆಯೇ ಇತ್ತು. ಎರಡು ಸಲ ಅದರ ಮೊದಲ ಮೂರು ಅಂಕಿ ತಿರುಗಿಸಿ ಇಟ್ಟುಬಿಟ್ಟೆ.

ಯಾರೂ ಬೇಡ ಅನ್ನಲಿಲ್ಲ. ಇದನ್ನು ಬರೆಯದೆ ಇದ್ದರೆ ನಾನು ಮತ್ತೆ ಸುಳ್ಳು ಹೇಳಿದ ಹಾಗೆ. ನೆಂಟರು ತಡೆದರು, ಹಿರಿಯರು ಒಪ್ಪಲಿಲ್ಲ ಎಂದು ನಂತರದ ವರ್ಷಗಳಲ್ಲಿ ನನಗೆ ನಾನೇ ಹೇಳಿಕೊಂಡದ್ದುಂಟು. ನಾನು ಫೋನಿನ ಮುಂದೆ ಕೂತಿದ್ದಾಗ ಮನೆಯಲ್ಲಿ ಯಾರಿಗೂ ಆ ಕಾರ್ಡಿನ ನೆನಪೇ ಇರಲಿಲ್ಲ.

ಹತ್ತಿ ಒಣಗಿತು, ಮತ್ತೆ ಒದ್ದೆ ಮಾಡಿಟ್ಟೆ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಮೈಸೂರಿನವರು ಬಂದರು, ಮನೆ ತುಂಬಿತು. ಹನ್ನೆರಡರ ಹೊತ್ತಿಗೆ ನಮ್ಮವರು ಅಡುಗೆಮನೆ ಬಾಗಿಲಿಗೆ ಬಂದು ಮೆಲ್ಲಗೆ, "ಕಣ್ಣಿನೋರಿಗೆ ಮಾಡಿದ್ಯಾ?" ಎಂದು ಕೇಳಿದರು. ಇನ್ನೂ ಒಂದು ಗಂಟೆ ಹೊತ್ತಿತ್ತು. ಆಗಲಾದರೂ ಮಾಡಬಹುದಿತ್ತು.

"ಮಾಡ್ದೆ ರೀ. ಎಪ್ಪತ್ತು ದಾಟಿದೋರದ್ದು ತಗೊಳ್ಳಲ್ಲವಂತೆ," ಎಂದುಬಿಟ್ಟೆ.

ಸರಿ ಎಂದು ತಲೆಯಾಡಿಸಿ ಹೋದರು. ಆ ಸುಳ್ಳು ಅಷ್ಟು ಸಲೀಸಾಗಿ ಬಾಯಿಗೆ ಎಲ್ಲಿಂದ ಬಂತೋ ನಾ ಕಾಣೆ. ಒಂದು ಗಂಟೆ ಹೊಡೆದಾಗ ಒಳಗೆ ಹೋಗಿ ಹತ್ತಿ ತೆಗೆದೆ.

ಮುಂದಿನ ವರ್ಷ ಚೆಕಪ್ಪಿಗೆ ಹೋಗಲಿಲ್ಲ. ಜೊತೆಗೆ ಬರುವವರಿಲ್ಲ ಎಂದು ನೆಪ ಹೇಳಿದೆ. ನಿಜವಾದ ಕಾರಣ ಆ ಪೋಸ್ಟರು. ಅದರ ಎದುರಿನ ಬೆಂಚಿನಲ್ಲಿ ಎರಡು ಗಂಟೆ ಕೂರುವ ಧೈರ್ಯ ನನಗಿರಲಿಲ್ಲ. ಅದರ ಮರುವರ್ಷವೂ ಹೋಗಲಿಲ್ಲ. ನಮ್ಮವರು ಕೇಳಿದಾಗೆಲ್ಲ, "ಕಣ್ಣು ಚೆನ್ನಾಗೇ ಇದೆ, ಸುಮ್ಮನೆ ಯಾಕೆ," ಎನ್ನುತ್ತಿದ್ದೆ. ಐದು ವರ್ಷ ಹಾಗೇ ತಳ್ಳಿದೆ.

ಆಮೇಲೆ ಬೆಳಗಿನ ಮಂಜು ಶುರುವಾಯಿತು. ಎದ್ದ ಕೂಡಲೇ ಬಲಗಣ್ಣಿಗೆ ಎಲ್ಲವೂ ಹಬೆ ಕೂತ ಗಾಜಿನಾಚೆ ಇದ್ದಂತೆ ಕಾಣುತ್ತಿತ್ತು. ತಿಂಡಿ ಹೊತ್ತಿಗೆ ತಿಳಿಯಾಗುತ್ತಿತ್ತು. ಬರಬರುತ್ತಾ ಮಧ್ಯಾಹ್ನದವರೆಗೂ ಉಳಿಯಿತು, ಕೊನೆಗೆ ದಿನವಿಡೀ. ಒಂದು ಹಸಿರು ರೇಷ್ಮೆ ಸೀರೆಗೆ ಮೆರೂನ್ ದಾರದಲ್ಲಿ ಫಾಲ್ಸ್ ಹೊಲಿದುಕೊಟ್ಟೆ. ಸೀರೆಯವರು ನಮ್ಮ ಗೇಟಿನಲ್ಲಿ ನಿಂತು, "ಏನ್ ಆಂಟಿ, ಕಣ್ಣು ಕಾಣಲ್ವಾ ನಿಮಗೆ?" ಎಂದು ಕೂಗಾಡಿದರು. ಕಾಣಲ್ಲ ಎಂದು ಹೇಳಲಾಗದೆ ಸುಮ್ಮನೆ ಬೈಸಿಕೊಂಡೆ. ಅದಾಗಿ ಒಂದು ವಾರಕ್ಕೆ ಕಣ್ಣಿನ ಮೇಲೆ ಎದ್ದಿದ್ದ ಸಣ್ಣ ಗುಳ್ಳೆಯೊಂದು ಒಡೆಯಿತು. ಮರಳು ಹಾಕಿ ಉಜ್ಜಿದಂಥ ಆ ಉರಿಯನ್ನು ಶತ್ರುವಿಗೂ ಬಯಸಲಾರೆ. ನಮ್ಮವರು ಸ್ಕೂಟರಿನಲ್ಲಿ ಕೂರಿಸಿಕೊಂಡು ಅದೇ ಆಸ್ಪತ್ರೆಗೆ ಕರೆದೊಯ್ದರು.

ಈಗ ಬೇರೆ ಡಾಕ್ಟರು. ನರೆತ ಕೂದಲು, ನಿಧಾನದ ಮಾತು. ಯಂತ್ರದಲ್ಲಿ ತುಂಬ ಹೊತ್ತು ನೋಡಿ, "ಹಿಂದೆ ಲೇಸರ್ ಆಗಿದೆ ಅಲ್ವಾ?" ಎಂದರು. "ಕಣ್ಣಿನ ಮುಂದಿನ ಗಾಜಿನ ಒಳಮೈಯಲ್ಲಿ ಒಂದೇ ಒಂದು ಸಾಲು ಜೀವಕೋಶ ಇರುತ್ತಮ್ಮ. ಒಳಗೆ ಬಂದ ನೀರು ಹೊರಗೆ ಹಾಕೋದು ಅದರ ಕೆಲಸ. ಸತ್ತರೆ ಮತ್ತೆ ಹುಟ್ಟಲ್ಲ. ಆವತ್ತಿನ ಅಟ್ಯಾಕ್‌ನಲ್ಲಿ ಒಂದಷ್ಟು ಹೋಗಿವೆ, ಲೇಸರ್ ಶಾಖಕ್ಕೆ ಒಂದಷ್ಟು ಹೋಗಿವೆ. ಉಳಿದವು ಹತ್ತು ವರ್ಷ ದುಡಿದು ಸೋತಿವೆ."

"ಹಾಗಾದ್ರೆ ಲೇಸರ್ ಮಾಡಿಸಬಾರದಿತ್ತಾ?" ನಮ್ಮವರ ದನಿ ಏರಿತು.

"ಮಾಡಿಸದಿದ್ರೆ ಹತ್ತು ವರ್ಷದ ಹಿಂದೆಯೇ ಈ ಕಣ್ಣು ಹೋಗಿರ್ತಿತ್ತು ಸಾರ್. ಮಧ್ಯೆ ಬಂದು ತೋರಿಸಿದ್ರೆ ಮೊದಲೇ ಗೊತ್ತಾಗ್ತಿತ್ತು. ಈಗ ಪ್ರೆಷರ್ ಕೂಡ ಏರಿದೆ. ಅದನ್ನ ಇಳಿಸಿ, ಆಮೇಲೆ ಯಾರಾದ್ರೂ ದಾನ ಮಾಡಿದ ಕಣ್ಣಿನ ಗಾಜು ಹಾಕ್ಬೇಕು. ಕಾಯ್ಬೇಕಾಗುತ್ತೆ."

"ಕಣ್ಣು ಅಷ್ಟು ಕಡಿಮೆ ಸಿಗುತ್ತಾ?"

"ಕಡಿಮೆ ಸಾರ್."

"ನಮ್ಮ ತಂದೆ ಬರೆದುಕೊಟ್ಟಿದ್ರು," ಎಂದರು ನಮ್ಮವರು, ಸ್ವಲ್ಪ ಹೆಮ್ಮೆಯಿಂದ. "ಎಪ್ಪತ್ತು ದಾಟಿತು ಅಂತ ತಗೊಳ್ಲಿಲ್ಲ."

ಡಾಕ್ಟರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. "ಯಾರು ಹಾಗಂದಿದ್ದು? ವಯಸ್ಸಿನ ಲೆಕ್ಕವೇ ಇಲ್ಲವಲ್ಲ ಸಾರ್. ತೊಂಬತ್ತರವರದ್ದೂ ತಗೋತೀವಿ."

ನಮ್ಮವರು ನನ್ನ ಕಡೆ ತಿರುಗಿದರು. ಬಲಗಣ್ಣಿಗೆ ಬ್ಯಾಂಡೇಜು ಹಾಕಿದ್ದರು, ಅವರು ಕೂತದ್ದು ಎಡಕ್ಕೆ. ಅವರ ಮುಖ ಸ್ಪಷ್ಟವಾಗಿಯೇ ಕಂಡಿತು.

ಮನೆಗೆ ಬಂದು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದ ಮೇಲೆ ಒಂದೇ ಮಾತು ಕೇಳಿದರು. "ಆವತ್ತು ಫೋನ್ ಮಾಡಿದ್ಯಾ, ಇಲ್ವಾ?"

"ಇಲ್ಲ."

ಕೂಗಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಒಳಗೆ ಹೋಗಿ ಶರ್ಟು ಬಿಚ್ಚಿ ಹ್ಯಾಂಗರಿಗೆ ಹಾಕಿದರು. ಆಮೇಲೆ ಅನ್ನ ಬಡಿಸು, ಮಾತ್ರೆ ತಗೊಂಡ್ಯಾ, ಇಷ್ಟೇ ಮಾತು. ತಿಂಗಳುಗಟ್ಟಲೆ ಇಷ್ಟೇ.

ಕಾಯುವ ಆ ದಿನಗಳಲ್ಲಿ ಆಸ್ಪತ್ರೆಯ ಬೆಂಚಿನಲ್ಲಿ ಗಂಗವ್ವ ಪರಿಚಯವಾದಳು. ಗದಗಿನ ಕಡೆಯವಳು. ಊರಿನ ಕಣದಲ್ಲಿ ರಾಶಿ ಮಾಡುವಾಗ ಕಣ್ಣಿಗೆ ಜೋಳದ ಸಿಬಿರು ಬಡಿದು ಬಿಳಿ ಕಲೆ ಕೂತಿತ್ತು. ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ, ಒಂದು ಆಫೀಸಿನಲ್ಲಿ ಕಸ ಗುಡಿಸುವ ಕೆಲಸ. ಚೆಕಪ್ಪಿಗೆ ಬಂದಾಗೆಲ್ಲ ಬುತ್ತಿಯಲ್ಲಿ ನನಗೂ ಒಂದು ರೊಟ್ಟಿ ಇರುತ್ತಿತ್ತು. ಬೇಡ ಅಂದರೆ, "ತಿನ್ರಿ ಅಕ್ಕಾರ, ಕಾಯೋದಕ್ಕೂ ಶಕ್ತಿ ಬೇಕಲ್ರಿ," ಎನ್ನುತ್ತಿದ್ದಳು. ಎಷ್ಟು ದಿನದಿಂದ ಕಾಯುತ್ತಿದ್ದೀಯಾ ಎಂದು ಕೇಳಿದೆ.

"ನಾಲ್ಕು ವರ್ಷ ಆತ್ರಿ."

"ಅಷ್ಟು ದಿನವಾ?"

"ಮತ್ತೇನ್ರಿ. ಇಷ್ಟ ದೊಡ್ಡ ಊರಾಗ ಸಾಯೋ ಮಂದಿಗೆ ಬರ ಐತೇನ್ರಿ? ಫೋನ್ ಮಾಡೋರಿಗೆ ಬರ ನೋಡ್ರಿ."

ರೊಟ್ಟಿ ನೆತ್ತಿಗೆ ಹತ್ತಿ ಕೆಮ್ಮಿದೆ. ಅವಳು ನೀರಿನ ಬಾಟಲಿ ಕೊಟ್ಟು ಬೆನ್ನು ನೀವಿದಳು. ಅಲ್ಲಿಯವರೆಗೆ ನಾನು ಮಾವನಿಗೆ ಕೊಟ್ಟ ಮಾತು ತಪ್ಪಿದೆ, ಗಂಡನಿಗೆ ಸುಳ್ಳು ಹೇಳಿದೆ ಎಂದಷ್ಟೇ ಕೊರಗುತ್ತಿದ್ದೆ. ಮಾವನ ಎರಡು ಕಣ್ಣು ಯಾರೋ ಇಬ್ಬರಿಗೆ ಸೇರಬೇಕಿತ್ತು ಎಂಬುದು ತಲೆಗೆ ಹೋಗಿಯೇ ಇರಲಿಲ್ಲ. ಆ ಇಬ್ಬರು ಅವತ್ತು ಇಂಥದೇ ಬೆಂಚಿನ ಮೇಲೆ ಕೂತಿದ್ದಿರಬೇಕು. ಗಂಗವ್ವನಿಗೆ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅವಳು ಎರಡನೇ ರೊಟ್ಟಿ ಮುರಿದು ನನ್ನ ಕೈಗೆ ಇಟ್ಟಳು. ಹೇಳದೆ ಅದನ್ನು ತಿಂದೆ.

ಎರಡು ಸಾವಿರದ ನಾಲ್ಕರ ಆಗಸ್ಟಿನಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಕಣ್ಣು ಬಂದಿದೆ, ಏನೂ ತಿನ್ನದೆ ಕೂಡಲೇ ಹೊರಡಿ. ಆಸ್ಪತ್ರೆ ತಲುಪಿದ ಕೂಡಲೇ ಕಾಯುವವರ ಪಟ್ಟಿ ನೋಡಿಕೊಳ್ಳುವ ಹುಡುಗಿಗೆ, "ಗಂಗವ್ವ ಅಂತ ನನಗಿಂತ ಮುಂಚಿನಿಂದ ಕಾಯ್ತಿದ್ದಾಳೆ. ಅವಳಿಗೆ ಕೊಡಿ," ಎಂದೆ. "ಹಾಗೆಲ್ಲ ಬದಲಾಯಿಸೋಕೆ ಬರಲ್ಲ ಆಂಟಿ. ನಿಮ್ಮ ಕಣ್ಣಲ್ಲಿ ಗುಳ್ಳೆ ಒಡೀತಾ ಇದೆ, ಇನ್ಫೆಕ್ಷನ್ ಆದ್ರೆ ಕಷ್ಟ, ಅದಕ್ಕೇ ಡಾಕ್ಟ್ರು ಮುಂದೆ ಹಾಕಿದ್ದಾರೆ," ಎಂದಳು. ಯಾರ ಕಣ್ಣು ಎಂದು ಕೇಳಿದೆ. ಹೇಳುವ ಹಾಗಿಲ್ಲವಂತೆ. ಗಂಗವ್ವನಿಗೆ ಸಿಕ್ಕಿದ್ದು ಮುಂದಿನ ವರ್ಷ ಯುಗಾದಿ ಕಳೆದ ಮೇಲೆ.

ಆಪರೇಷನ್ ಆಗಿ ಮಾರನೇ ದಿನ ಪಟ್ಟಿ ಬಿಚ್ಚಿದರು. ಎಲ್ಲ ಫಳಫಳ ಕಾಣುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಬೆಳಕು, ನರ್ಸಿನ ಬಿಳಿ ಬಟ್ಟೆ, ಕಿಟಕಿಯ ಆಕಾರ. ಕೂದಲಿಗಿಂತ ಸಣ್ಣ ದಾರದಲ್ಲಿ ಸುತ್ತಲೂ ಹೊಲಿಗೆ ಹಾಕಿದ್ದರು. ಒಂದೊಂದೇ ಬಿಚ್ಚುತ್ತಾ ಬರಲು ವರ್ಷ ಹಿಡಿಯುತ್ತದೆ ಎಂದರು. ಹೊಲಿಗೆಯವಳಿಗೇ ಹೊಲಿಗೆ ಬಿತ್ತು ಎಂದು ನರ್ಸಿಗೆ ಹೇಳಿದೆ. ಅವಳು ನಕ್ಕಳು, ಬಾಗಿಲ ಬಳಿ ನಿಂತಿದ್ದ ನಮ್ಮವರು ನಗಲಿಲ್ಲ.

ಗಂಟೆಗೊಂದು ಸಲ ಡ್ರಾಪ್ಸ್ ಹಾಕಬೇಕಿತ್ತು. ಅವರು ಆಫೀಸಿಗೆ ರಜೆ ಹಾಕಿ ತಾವೇ ಹಾಕಿದರು. ಕೈ ತೊಳೆದು, ನನ್ನ ಗಲ್ಲ ಎತ್ತಿ, ಕೆಳರೆಪ್ಪೆ ಎಳೆದು ಒಂದೇ ಹನಿ. ಒಂದು ಹನಿಯೂ ಕೆನ್ನೆಗೆ ಬೀಳಲಿಲ್ಲ. ಮಾತು ಮಾತ್ರ ಇಲ್ಲ. ಆ ಸೇವೆ ನನಗೆ ಬೈಗುಳಕ್ಕಿಂತ ಕಷ್ಟವಾಯಿತು. ಹನ್ನೆರಡನೇ ದಿನವೋ ಏನೋ, ಮಧ್ಯಾಹ್ನದ ಹನಿ ಹಾಕಿ ಅವರು ಏಳುವಾಗ ಕೈ ಹಿಡಿದುಕೊಂಡೆ.

"ಬೈದುಬಿಡಿ ರೀ. ಇಲ್ಲಾಂದ್ರೆ ನಂಗೆ ಹುಚ್ಚು ಹಿಡಿಯುತ್ತೆ."

ಅವರು ಮಂಚದ ಅಂಚಿನಲ್ಲಿ ಕೂತರು. "ಯಾಕೆ ಮಾಡ್ಲಿಲ್ಲ, ಅದು ಹೇಳು."

ಹೇಳಿದೆ. ಗೌರಿ ಹಬ್ಬದ ಊಟ, ಪ್ರಮೀಳಕ್ಕನ ತಮಾಷೆ, ಹಾಲಿನವನಿಗೆ ಮಾಡಿದ ಫೋನು, ಎಲ್ಲ ಹೇಳಿದೆ.

"ಇಷ್ಟಕ್ಕಾ?"

"ಇಷ್ಟಕ್ಕೇ."

ಡ್ರಾಪ್ಸಿನ ಬಾಟಲಿಯನ್ನು ಸ್ಟೂಲಿನ ಮೇಲಿಟ್ಟರು. ಆಮೇಲೆ, "ಆವತ್ತು ನೀನು ನನ್ನ ಕೇಳಿದ್ದಿದ್ರೆ ಬೇಡ ಅಂತಿದ್ದೆ ನಾಗೂ," ಎಂದರು. "ವಯಸ್ಸಾಯ್ತು ಅಂತ ತಗೊಳ್ಳಲ್ಲವಂತೆ ಅಂದ್ಯಲ್ಲ, ನಂಗೆ ಒಳಗೊಳಗೇ ಸಮಾಧಾನ ಆಯ್ತು. ನಿಜವಾ ಅಂತ ಒಂದ್ಸಲ ವಿಚಾರಿಸ್ಲಿಲ್ಲ ನಾನು. ವಿಚಾರಿಸಬಾರದು ಅಂತಲೇ ಸುಮ್ಮನಾದೆ. ಇಷ್ಟು ದಿನ ನಿನ್ನ ಮೇಲೆ ಮುನಿಸ್ಕೊಂಡು ಓಡಾಡಿದ್ನಲ್ಲ, ಅದರಲ್ಲಿ ಅರ್ಧ ನನ್ನ ಮೇಲೇನೇ."

ನಾನು ಅವರ ಕೈ ಬಿಡಲಿಲ್ಲ. ಅವರೇ ಮುಂದುವರಿಸಿದರು.

"ನಾನೂ ಮಾಡಲ್ಲ, ಅಣ್ಣನೂ ಮಾಡಲ್ಲ ಅಂತ ಅಪ್ಪನಿಗೆ ಗೊತ್ತಿತ್ತು. ಅದಕ್ಕೇ ಅಲ್ವಾ ನಿನಗೆ ಹೇಳಿದ್ದು."

ನನ್ನ ಭಾರ ಇಳಿಸಲೆಂದೇ ಆ ಮಾತು ಹೇಳಿದರು, ನನಗೆ ಗೊತ್ತು. ಆದರೆ ಅದರ ಅರ್ಥ, ಇಡೀ ಮನೆಯಲ್ಲಿ ಮಾವ ನಂಬಿದ್ದು ನನ್ನೊಬ್ಬಳನ್ನು. ನಾನು ಗೋಡೆ ಕಡೆ ತಿರುಗಿಕೊಂಡೆ. "ಅಳ್ಬೇಡ ನಾಗೂ, ಹೊಲಿಗೆ ಹಸಿ ಇದೆ," ಎಂದು ಅವರು ಹೇಳುತ್ತಲೇ ಇದ್ದರು. ಯಾರದೋ ಮನೆಯವರು ಅಳು ತಡೆದುಕೊಂಡು ಫೋನ್ ಮಾಡಿ ಕೊಟ್ಟ ಕಣ್ಣು ಅದು. ನಾನು ತಡೆದುಕೊಳ್ಳಲು ನೋಡಿದೆ. ನನ್ನ ಕೈಲಿ ಆಗಲಿಲ್ಲ.